ಡಿ ಬಂದರೆ ನಪಾಸಲ್ಲ

ಹೆಪಟೈಟಿಸ್ ಬಿ ಇರುವವರ ರಕ್ತದಲ್ಲಿರುವ ವೈರಸ್ಸು ಯಾವ ತಳಿಯದು ಎಂದು ಹೇಳುವ ಒಂದು ಪರೀಕ್ಷೆ ಇದೆ. ಜೀನೋಟೈಪಿಂಗ್ ಅಂತ ಹೆಸರು. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದರೆ ಕೊನೆಗೆ ಕೈಗೆ ಸಿಗುವುದು ಇಂಗ್ಲಿಷಿನ ಒಂದೇ ಒಂದು ಅಕ್ಷರ. ನಮ್ಮ ಕಡೆ ಅದು ಬಹುಮಟ್ಟಿಗೆ ಡಿ, ಅದು ಬಿಟ್ಟರೆ ಎ. ಆರ್.ಟಿ. ನಗರದ ನನ್ನ ಲ್ಯಾಬಿಗೆ ಆ ಕಾಗದ ಹಿಡಿದು ಬರುವವರು ಕೂರುವ ಮೊದಲೇ ಕೇಳುತ್ತಾರೆ: "ಮೇಡಂ, ಡಿ ಅಂತ ಬಂದಿದೆ. ಎ ಬಂದಿದ್ದರೆ ಪರವಾಗಿರಲಿಲ್ವಾ?" ಗ್ರೇಡು ಅಂದುಕೊಂಡಿರುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ, "ಇಷ್ಟು ವರ್ಷ ಬೇರೆಯವರಿಗೆ ಡಿ ಕೊಟ್ಟಿದ್ದೆ ಕಣಮ್ಮ, ಈಗ ನನಗೇ ಬಂತು" ಎಂದು ನಕ್ಕರು. ಹಾಗೆ ನಗುವವರು ಕಡಿಮೆ.

ಡಿಗ್ರಿ ಮುಗಿಸಿ ಎಂ.ಎಲ್.ಟಿ. ಮಾಡಿಕೊಂಡು ರಕ್ತ, ಮೂತ್ರ, ಕಫಗಳ ಜೊತೆಗೇ ಆಯುಷ್ಯ ಕಳೆದವಳು ನಾನು. ಡಾಕ್ಟರಲ್ಲ. ಆದರೆ ಡಾಕ್ಟರ ಹತ್ತಿರ ಕೇಳಲು ಸಂಕೋಚಪಟ್ಟ ಪ್ರಶ್ನೆಗಳೆಲ್ಲ ರಕ್ತ ತೆಗೆಯುವವಳ ಹತ್ತಿರ ಬಂದು ಬೀಳುತ್ತವೆ. ಹಾಗಾಗಿ ಆ ಅಕ್ಷರಗಳ ಕಥೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಅಕ್ಷರಗಳನ್ನು ಇಟ್ಟದ್ದು ಗುಣ ಅಳೆದು ಅಲ್ಲ. 1988ರಲ್ಲಿ ಜಪಾನಿನ ಒಕಾಮೊಟೊ ಅವರ ತಂಡ 18 ವೈರಸ್‌ಗಳ ಇಡೀ ಡಿಎನ್ಎಯನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿತು. ನೂರಕ್ಕೆ ಎಂಟಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೇರೆ ತಳಿ ಎಂದು ಇಟ್ಟುಕೊಂಡಾಗ ನಾಲ್ಕು ಗುಂಪಾದವು. ಎ, ಬಿ, ಸಿ, ಡಿ ಎಂದು ಕರೆದರು. ಆಮೇಲೆ ಸಿಕ್ಕವಕ್ಕೆ ಇ, ಎಫ್, ಜಿ, ಎಚ್ ಎಂದು ಹೆಸರು ಮುಂದುವರಿಯಿತು. ಐ ಮತ್ತು ಜೆ ಎಂಬ ಇನ್ನೆರಡನ್ನೂ ಸೇರಿಸಬೇಕು ಎನ್ನುವವರಿದ್ದಾರೆ. ಅದರಲ್ಲಿ ಜೆ ಕಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಬೋರ್ನಿಯೋದಲ್ಲಿದ್ದು ಬಂದ ಒಬ್ಬ ಜಪಾನಿ ವೃದ್ಧರಲ್ಲಿ.

ಈ ವೈರಸ್ಸಿನ ಡಿಎನ್ಎ ಪೂರ್ತಿ ಬರೆದರೆ ಸುಮಾರು 3,200 ಅಕ್ಷರ. ನಮ್ಮದು ಮುನ್ನೂರು ಕೋಟಿ. ಇಷ್ಟು ಚಿಕ್ಕ ಜಾಗದಲ್ಲಿ ಸಂಸಾರ ನಡೆಸಬೇಕಾದ್ದರಿಂದ ಅದು ಒಂದೇ ಸಾಲನ್ನು ಎರಡು ಕೆಲಸಕ್ಕೆ ಬಳಸುತ್ತದೆ. ಒಂದು ಕಡೆಯಿಂದ ಓದಲು ಶುರುಮಾಡಿದರೆ ಮೇಲ್ಮೈಯ ಪ್ರೋಟೀನು. ಅದೇ ಅಕ್ಷರಗಳನ್ನು ಒಂದು ಸ್ಥಾನ ಆಚೆಯಿಂದ ಓದಿದರೆ ತನ್ನ ನಕಲು ತಾನೇ ಮಾಡಿಕೊಳ್ಳುವ ಕಿಣ್ವ. ಪದ ಒಡೆಯುವ ಜಾಗ ಬದಲಿಸಿದರೆ ರಾಮನ ಕಥೆಯೂ ಆಗುವ ಪಾಂಡವರ ಕಥೆಯೂ ಆಗುವ ಶ್ಲೇಷೆಯ ಪದ್ಯಗಳಿವೆಯಲ್ಲ, ಹಾಗೆ. ಅಂಥ ಪದ್ಯದಲ್ಲಿ ಒಂದು ಅಕ್ಷರ ತಿದ್ದಿದರೆ ಎರಡೂ ಕಥೆ ಕೆಡುವ ಭಯ. ವೈರಸ್ಸಿಗೂ ಅದೇ ಕಷ್ಟ. ನಕಲು ಮಾಡುವಾಗ ಅದು ತಪ್ಪು ಮಾಡುತ್ತಲೇ ಇರುತ್ತದೆ, ತಿದ್ದಿ ನೋಡುವ ವ್ಯವಸ್ಥೆ ಅದಕ್ಕಿಲ್ಲ. ಆದರೆ ಹೆಚ್ಚಿನ ತಪ್ಪುಗಳು ಅಲ್ಲೇ ಸಾಯುತ್ತವೆ. ಎರಡೂ ಕಥೆಗೆ ಒಗ್ಗಿದವು ಮಾತ್ರ ಉಳಿದು ಮುಂದಿನ ಮೈಗೆ ದಾಟುತ್ತವೆ. ಹೀಗೆ ನಿಧಾನವಾಗಿ, ತಾಯಿಯಿಂದ ಮಗುವಿಗೆ, ಒಂದೇ ಮನೆಯ ಅಣ್ಣನಿಂದ ತಮ್ಮನಿಗೆ, ಒಂದೇ ಊರೊಳಗೆ ಸಾವಿರಾರು ವರ್ಷ ದಾಟಿದ್ದರಿಂದಲೇ ಒಂದೊಂದು ಸೀಮೆಗೆ ಒಂದೊಂದು ತಳಿ ಬಂತು.

ಮೆಡಿಟರೇನಿಯನ್ ಸುತ್ತಮುತ್ತ, ಪಶ್ಚಿಮ ಏಷ್ಯಾ, ಅಲ್ಲಿಂದ ಭಾರತದವರೆಗೆ ಡಿ. ಚೀನಾ, ಜಪಾನು, ವಿಯೆಟ್ನಾಂ ಕಡೆ ಬಿ ಮತ್ತು ಸಿ. ಪಶ್ಚಿಮ ಆಫ್ರಿಕಾದಲ್ಲಿ ಇ. ಅಮೆರಿಕ ಖಂಡಗಳ ಮೂಲನಿವಾಸಿಗಳಲ್ಲಿ ಎಫ್, ಎಚ್. ಎ ಅನ್ನುವುದು ಎರಡು ಕವಲು: ಎ2 ಉತ್ತರ ಯುರೋಪಿನದು, ಎ1 ಆಫ್ರಿಕಾದ್ದು, ನಮ್ಮದೂ ಅದೇ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹಳೆಯ ಅಸ್ಥಿಗಳಿಂದ, ಹಲ್ಲುಗಳಿಂದ 137 ವೈರಸ್‌ಗಳ ಡಿಎನ್ಎ ತೆಗೆದು ಓದಿದರು. ಅತಿ ಹಳೆಯದಕ್ಕೆ ಹತ್ತು ಸಾವಿರ ವರ್ಷ ದಾಟಿದೆ. ಯುರೋಪಿನ ಮೊದಲ ಬೇಸಾಯಗಾರರ ಜೊತೆ ಬಂದ ಒಂದು ವಂಶ ಸುಮಾರು ನಾಲ್ಕು ಸಾವಿರ ವರ್ಷ ಅಲ್ಲಿ ಆಳಿ, ಆಮೇಲೆ ಬಹುತೇಕ ಅಳಿದುಹೋಯಿತಂತೆ. ಇವತ್ತಿನ ಜಿ ತಳಿ ಅದರ ಉಳಿಕೆ. ನೇಪಲ್ಸ್‌ನ ಒಂದು ಚರ್ಚಿನಲ್ಲಿ ಹದಿನಾರನೇ ಶತಮಾನದ ಮಗುವೊಂದರ ಮಮ್ಮಿ ಇದೆ. ಮೈಮೇಲಿನ ಗುಳ್ಳೆ ನೋಡಿ ಸಿಡುಬು ಎಂದುಕೊಂಡಿದ್ದರು. ಒಳಗೆ ಸಿಕ್ಕದ್ದು ಹೆಪಟೈಟಿಸ್ ಬಿ, ಅದೂ ಡಿ ತಳಿ. ನಮ್ಮ ಮೇಷ್ಟ್ರಿಗೆ ಇದನ್ನು ಹೇಳಿದ್ದಿದ್ದರೆ ಖುಷಿಪಡುತ್ತಿದ್ದರೋ ಏನೋ.

ಈ ವೈರಸ್ಸಿನ ಪತ್ತೆಯೇ ಭೂಗೋಳದಿಂದ ಶುರುವಾದದ್ದು. ಅಮೆರಿಕದ ಬರೂಕ್ ಬ್ಲಂಬರ್ಗ್ ವೈರಸ್ ಹುಡುಕುತ್ತಿರಲಿಲ್ಲ. ಬೇರೆ ಬೇರೆ ನಾಡಿನ ಜನರ ರಕ್ತದ ಪ್ರೋಟೀನುಗಳಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸ ಏನಿದೆ, ಅದರಿಂದ ಯಾಕೆ ಕೆಲವರಿಗೆ ಕೆಲವು ಕಾಯಿಲೆ ಬೇಗ ಬರುತ್ತದೆ ಎನ್ನುವುದು ಅವರ ಹುಡುಕಾಟ. ಊರೂರಿನ ಸೀರಂ ತಂದು ಫ್ರೀಜರಿನಲ್ಲಿಟ್ಟುಕೊಂಡಿದ್ದರು. ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡ ಹಿಮೋಫೀಲಿಯಾ ರೋಗಿಯೊಬ್ಬರ ಸೀರಂ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಂ, ಇವೆರಡನ್ನೂ ಅಗಾರ್ ಜೆಲ್ಲಿನ ಎರಡು ಕುಳಿಗಳಲ್ಲಿ ಹಾಕಿದಾಗ ನಡುವೆ ಒಂದು ಬಿಳಿ ಗೆರೆ ಮೂಡಿತು. ಅದಕ್ಕೆ ಆಸ್ಟ್ರೇಲಿಯಾ ಆಂಟಿಜೆನ್ ಎಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅಮೆರಿಕದವರಲ್ಲಿ ಅಪರೂಪ, ಏಷ್ಯಾದ ಮತ್ತು ಪೆಸಿಫಿಕ್ ದ್ವೀಪಗಳ ಕೆಲವು ಜನರಲ್ಲಿ ಧಾರಾಳ. ಹಾಗಾದರೆ ಇದು ವಂಶದ ಗುಣವೇ ಇರಬೇಕು ಅನ್ನಿಸಿತ್ತು.

ಅದು ಕಾಯಿಲೆಯ ಗುರುತು ಎಂದು ಗೊತ್ತಾದದ್ದರಲ್ಲಿ ನನ್ನ ಕಸುಬಿನವರೊಬ್ಬರ ಪಾಲಿದೆ ಎನ್ನುವುದು ನನಗೆ ತುಂಬ ಹೆಮ್ಮೆ. ಬ್ಲಂಬರ್ಗ್ ಅವರ ಲ್ಯಾಬಿನ ಟೆಕ್ನಿಷಿಯನ್ ಬಾರ್ಬರಾ ವರ್ನರ್‌ಗೆ 1967ರಲ್ಲಿ ಮೈ ಸರಿಯಿರಲಿಲ್ಲ. ಮೂತ್ರ ಕಡು ಬಣ್ಣಕ್ಕೆ ತಿರುಗಿತ್ತು. ದಿನವೂ ಬೇರೆಯವರ ಸೀರಂ ಇಟ್ಟು ನೋಡುತ್ತಿದ್ದ ಅದೇ ಜೆಲ್ಲಿನಲ್ಲಿ ತನ್ನದೇ ಸೀರಂ ಇಟ್ಟರು. ಮಸುಕಾಗಿ ಗೆರೆ ಬಂತು. ಆಕೆಗೆ ಹೆಪಟೈಟಿಸ್ ಆಗಿತ್ತು, ಪೂರ್ತಿ ವಾಸಿಯೂ ಆಯಿತು. ಈ ಪರೀಕ್ಷೆಯಿಂದ ಪತ್ತೆಯಾದ ಮೊದಲ ಹೆಪಟೈಟಿಸ್ ಬಹುಶಃ ಅದೇ. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಸೂಜಿ ಚುಚ್ಚಿಕೊಂಡ ದಿನ ಕೈ ತೊಳೆಯುತ್ತಾ ನಿಂತ ಯಾವ ಟೆಕ್ನಿಷಿಯನ್ನಿಗಾದರೂ ನೆನಪಾಗಬೇಕಾದವರು ಬಾರ್ಬರಾ.

ಬ್ಲಂಬರ್ಗ್ ನಮ್ಮ ಬಡಾವಣೆಗೂ ತೀರ ಹೊರಗಿನವರಲ್ಲ. 1986ರಲ್ಲಿ ಅವರು ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿದ್ದರು. ಮೇಖ್ರಿ ಸರ್ಕಲ್ ದಾಟಿ ಸದಾಶಿವನಗರದ ಕಡೆ ಹೋದರೆ ಅಕಾಡೆಮಿ. ನನ್ನ ಲ್ಯಾಬಿನಿಂದ ಆಟೋದವರು ಬರಲ್ಲ ಅನ್ನುವಷ್ಟು ಹತ್ತಿರ. ಆ ಹೊತ್ತಿಗೆ ಅವರಿಗೂ ಮದ್ರಾಸಿನ ವಿಜ್ಞಾನಿ ಎಸ್.ಪಿ. ತ್ಯಾಗರಾಜನ್ ಅವರಿಗೂ ಆಸಕ್ತಿ ಇದ್ದದ್ದು ನಮ್ಮ ಹಿತ್ತಿಲ ನೆಲನೆಲ್ಲಿಯಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯಲಹಂಕದ ಕಡೆಯಿಂದ ಬರುವವರು ಇವತ್ತಿಗೂ "ಊರಲ್ಲಿ ಕಾಮಾಲೆಗೆ ಬೇರು ಕೊಡ್ತಾರೆ, ಕುಡಿದು ಬಂದಿದೀನಿ" ಎನ್ನುತ್ತಾರೆ. ನೆಲನೆಲ್ಲಿಯ ಸಾರ ವೈರಸ್ಸಿನ ಕಿಣ್ವವನ್ನು ತಡೆಯುತ್ತದೆ ಎಂದು ಬ್ಲಂಬರ್ಗ್ ತಂಡ 1987ರಲ್ಲಿ ಲ್ಯಾಬಿನ ಫಲಿತಾಂಶ ಪ್ರಕಟಿಸಿತು. ಮರುವರ್ಷ ತ್ಯಾಗರಾಜನ್ ಅವರ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಒಂದು ತಿಂಗಳು ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ಆಂಟಿಜೆನ್ ಮಾಯವಾಯಿತು ಎಂದು ಬರೆಯಿತು. ಪ್ರಪಂಚವೇ ಎದ್ದು ಕೂತಿತು. ಆದರೆ ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರಲಿಲ್ಲ. ಗಿಡಕ್ಕೆ ಗೌರವ ಕೊಡುವುದು ಬೇರೆ, ಅದನ್ನೇ ನಂಬಿ ಮಾತ್ರೆ ಬಿಡುವುದು ಬೇರೆ. ಊರ ಔಷಧಿಯಿಂದ ವಾಸಿಯಾಯಿತು ಎನ್ನುವವರು ಸುಳ್ಳನ್ನೇನೂ ಹೇಳುತ್ತಿಲ್ಲ. ದೊಡ್ಡವರಾದ ಮೇಲೆ ಈ ವೈರಸ್ ತಗುಲಿದರೆ ನೂರರಲ್ಲಿ ತೊಂಬತ್ತೈದು ಜನಕ್ಕೆ ತಾನೇ ಹೋಗುತ್ತದೆ. ನೀರಿನಿಂದ ಬರುವ ಹೆಪಟೈಟಿಸ್ ಎ ಅಂತೂ ಮೈಯಲ್ಲಿ ಕಾಯಂ ಉಳಿಯುವುದೇ ಇಲ್ಲ. ಬೇರು ಕುಡಿದರೂ ಕುಡಿಯದಿದ್ದರೂ ಅವರ ಕಣ್ಣು ತಿಳಿಯಾಗುತ್ತಿತ್ತು.

ಉಳಿದುಕೊಳ್ಳುವುದು ಎಳೆಯ ಮೈಯಲ್ಲಿ. ಹುಟ್ಟುವಾಗ ತಾಯಿಯಿಂದ ತಗುಲಿದ ನೂರು ಕೂಸುಗಳಲ್ಲಿ ತೊಂಬತ್ತು ಕೂಸಿಗೆ ಅದು ಕಾಯಂ ಆಗಬಹುದು. ನಮ್ಮಲ್ಲಿ ಗಲ್ಫಿಗೆ ಹೊರಟ ಹುಡುಗರು ಮೆಡಿಕಲ್ ಮಾಡಿಸಿದಾಗ ಪಾಸಿಟಿವ್ ಬಂದು ವೀಸಾ ನಿಂತುಹೋಗುವುದು ಮಾಮೂಲು. ಇಪ್ಪತ್ತೆರಡು ವರ್ಷದ ಎ.ಸಿ. ಮೆಕ್ಯಾನಿಕ್ ಹುಡುಗ, ಪಕ್ಕದಲ್ಲಿ ಅವನಪ್ಪ. ಅಪ್ಪ ಅವನನ್ನು ನೋಡುವ ನೋಟದಲ್ಲಿ ಒಂದೇ ಪ್ರಶ್ನೆ: ಎಲ್ಲಿ ಹೋಗಿದ್ದೆ? ನಾನು ಅಪ್ಪನನ್ನೇ ಒಳಗೆ ಕರೆದೆ. "ಸಾಹೇಬ್ರೇ, ಇದು ಅವನು ಮಗುವಾಗಿದ್ದಾಗಲೇ ಬಂದಿರಬಹುದು. ಮೊದಲು ಮನೆಯವರೆಲ್ಲ ಚೆಕ್ ಮಾಡಿಸಿ, ಅವನ ತಾಯಿಯನ್ನೂ ಕರ್ಕೊಂಡು ಬನ್ನಿ" ಎಂದೆ. ಬೈಯಬೇಕು ಅಂದುಕೊಂಡು ಬಂದವರಿಗೆ ಸುಮ್ಮನಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತಟ್ಟೆ ಲೋಟ ಬೇರೆ ಇಡಬೇಡಿ ಎಂದೂ ಹೇಳಿ ಕಳಿಸಿದೆ. ಊಟದಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ ಇದು ಹರಡುವುದಿಲ್ಲ. ರಕ್ತದಿಂದ ಹರಡುತ್ತದೆ, ಅದರಲ್ಲೂ ಒಣಗಿದ ರಕ್ತದಲ್ಲಿ ಏಳು ದಿನ ಜೀವ ಹಿಡಿದಿರುತ್ತದೆ. ರೇಜರು, ಉಗುರು ಕತ್ತರಿ, ಜಾತ್ರೆಯ ಹಚ್ಚೆಯ ಸೂಜಿ ಇಂಥವು ಮಾತ್ರ ಬೇರೆ ಇರಲಿ. ಮದುವೆಯಾದವರಾದರೆ ಹೆಂಡತಿಗೆ ಅಥವಾ ಗಂಡನಿಗೆ ಪರೀಕ್ಷೆ, ಲಸಿಕೆ.

ಮತ್ತೆ ಅಕ್ಷರಗಳಿಗೆ. ನಮ್ಮ ಎ1 ಎಲ್ಲಿಂದ ಬಂತು ಎನ್ನುವುದು ನನಗೆ ಇಡೀ ನಕ್ಷೆಯಲ್ಲೇ ಹೆಚ್ಚು ಕುತೂಹಲದ ಜಾಗ. ಆಫ್ರಿಕಾದಲ್ಲೇ ಇದರ ವೈವಿಧ್ಯ ಅತಿ ಹೆಚ್ಚು. ಅಂದರೆ ಅಲ್ಲೇ ಬಹುಕಾಲದಿಂದ ಇದೆ. ಪೂರ್ವ ಆಫ್ರಿಕಾದ ದಂಡೆಯಿಂದ ಅರಬ್ಬಿ ಸಮುದ್ರ ದಾಟಿ ವ್ಯಾಪಾರದ, ಗುಲಾಮರ ಹಡಗುಗಳಲ್ಲಿ ಅದು ಇತ್ತ ಬಂದಿರಬೇಕು ಎಂದು ಡಿಎನ್ಎ ಓದಿದವರು ಹೇಳುತ್ತಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರನ್ನು ತಂದದ್ದೂ ಅದೇ ಸಮುದ್ರದ ಹಾದಿಯಲ್ಲಿ. ಇದನ್ನು ಓದಿ ಯಾರಾದರೂ ಸಿದ್ದಿಗಳ ಕಡೆ ಬೆರಳು ತೋರಿಸಿದರೆ ಅದು ಶುದ್ಧ ದಡ್ಡತನ. ಹಡಗಿನಲ್ಲಿ ನಾವಿಕರೂ ವ್ಯಾಪಾರಿಗಳೂ ಇದ್ದರು, ಬಂದದ್ದು ಶತಮಾನಗಳ ಹಿಂದೆ, ಈಗ ಅದು ಎಲ್ಲ ಜಾತಿಯ ಎಲ್ಲ ಮನೆಯ ಎ. ಇದರ ಇನ್ನೊಂದು ಮುಖ ಅಟ್ಲಾಂಟಿಕ್ಕಿನ ಆಚೆ ಇದೆ. ಪಶ್ಚಿಮ ಆಫ್ರಿಕಾದ ಇವತ್ತಿನ ತಳಿ ಇ. ಆದರೆ ಅಲ್ಲಿಂದ ಗುಲಾಮರಾಗಿ ಹೋದವರ ಸಂತತಿಯಲ್ಲಿ, ಬ್ರೆಜಿಲ್‌ನಲ್ಲಿ, ಹೈಟಿಯಲ್ಲಿ, ಇ ಅಪರೂಪ, ಎ1 ಹೇರಳ. ಅಂದರೆ ಆ ಹಡಗುಗಳು ಹೊರಟ ಕಾಲಕ್ಕೆ ಪಶ್ಚಿಮ ಆಫ್ರಿಕಾದಲ್ಲಿ ಇ ಇನ್ನೂ ಹರಡಿರಲಿಲ್ಲ, ಅದು ಅಲ್ಲಿ ತುಂಬಿಕೊಂಡದ್ದು ಇತ್ತೀಚಿನ ಒಂದೆರಡು ಶತಮಾನದಲ್ಲಿ ಎಂಬ ತರ್ಕ. ಹಡಗಿನ ಲೆಕ್ಕದ ಪುಸ್ತಕದಲ್ಲಿ ಹೆಸರೂ ಬರೆಯಿಸಿಕೊಳ್ಳದ ಜನರ ಬಗ್ಗೆ ಇಷ್ಟನ್ನು ಅವರ ಮರಿಮಕ್ಕಳ ರಕ್ತದಿಂದ ತಿಳಿಯಬೇಕಾಯಿತು.

ಭಾರತದ ಪೂರ್ವಕ್ಕೆ ಹೋದಂತೆ ಎ, ಡಿ ಜೊತೆ ಸಿ ಸೇರಿಕೊಳ್ಳುತ್ತದೆ. ಅರುಣಾಚಲದ 'ಇದು ಮಿಶ್ಮಿ' ಎಂಬ ಜನರಲ್ಲಿ ವಿಯೆಟ್ನಾಂ, ಲಾವೋಸ್‌ನಲ್ಲಿ ಕಂಡ ಐ ತಳಿ ಸಿಕ್ಕಿದೆ. ಟಿಬೆಟಿನಲ್ಲಿ ಸಿ ಮತ್ತು ಡಿ ಬೆರೆತು ಹುಟ್ಟಿದ ಮಿಶ್ರತಳಿಯೇ ಹೆಚ್ಚು. ಎರಡೂ ಸೀಮೆಯ ಗಡಿಯಲ್ಲಿ ಕೂತ ನಾಡಿಗೆ ಅದು ಸಹಜವೇ. ಬೈಲುಕುಪ್ಪೆ, ಮುಂಡಗೋಡಿನಲ್ಲಿ ನೆಲೆಸಿದ ಟಿಬೆಟನ್ನರ ಹಳೆಯ ತಲೆಮಾರು ಆ ನಾಡಿನಿಂದ ನಡೆದು ಬಂದದ್ದು. ಇನ್ನು ಈಗಿನ ಮಾತು: ಅಸ್ಸಾಂ, ಬಂಗಾಳದಿಂದ ಯಶವಂತಪುರಕ್ಕೆ ಬಂದಿಳಿದು ಜಕ್ಕೂರು, ಥಣಿಸಂದ್ರದ ಅಪಾರ್ಟ್‌ಮೆಂಟು ಕಟ್ಟುವವರು, ಅಲ್ಲೇ ಫ್ಲ್ಯಾಟು ಕೊಂಡು ಸಾಫ್ಟ್‌ವೇರ್ ಬರೆಯುವವರು, ಎಲ್ಲರ ಜೊತೆಗೂ ಅವರವರ ಊರಿನ ಅಕ್ಷರ ಬಂದಿದೆ. ಉತ್ತರ ಬೆಂಗಳೂರಿನ ನಕ್ಷೆಗೆ ಒಂದೇ ಬಣ್ಣ ಬಳಿಯುವ ಕಾಲ ಹೋಯಿತು.

ಹಾಗಾದರೆ ರೋಗಿಗೆ ಈ ಅಕ್ಷರದಿಂದ ಏನೂ ವ್ಯತ್ಯಾಸವಿಲ್ಲವೇ? ಇದೆ. ಸಿ ತಳಿಯಲ್ಲಿ ಲಿವರ್ ಕ್ಯಾನ್ಸರಿನ ಭಯ ಬಿಗಿಂತ ಹೆಚ್ಚು. ಇಂಟರ್‌ಫೆರಾನ್ ಚುಚ್ಚುಮದ್ದಿಗೆ ಎ ಚೆನ್ನಾಗಿ ಬಗ್ಗುತ್ತದೆ, ಡಿ ಅಷ್ಟಾಗಿ ಬಗ್ಗುವುದಿಲ್ಲ. ಡಿಗೆ ಇನ್ನೊಂದು ಚಾಳಿ ಇದೆ, ಅದು ಲ್ಯಾಬಿನವರಿಗೆ ಚೆನ್ನಾಗಿ ಗೊತ್ತು. ವೈರಸ್ ಜೋರಾಗಿ ಬೆಳೆಯುತ್ತಿದ್ದರೆ ರಕ್ತದಲ್ಲಿ 'ಇ ಆಂಟಿಜೆನ್' ಎಂಬ ಪ್ರೋಟೀನು ಸಿಗುತ್ತದೆ. ಅದು ನೆಗೆಟಿವ್ ಬಂದರೆ ವೈರಸ್ ತಣ್ಣಗಾಗಿದೆ ಎಂದು ಪುಸ್ತಕ. ಆದರೆ ವೈರಸ್ಸಿನ ಡಿಎನ್ಎಯ 1896ನೇ ಅಕ್ಷರ (ಇದು ತಳಿಯ ಹೆಸರಲ್ಲ) ಜಿ ಇದ್ದದ್ದು ಎ ಆಗಿಬಿಟ್ಟರೆ ಇ ಆಂಟಿಜೆನ್ ತಯಾರಿ ಅರ್ಧಕ್ಕೆ ನಿಲ್ಲುತ್ತದೆ, ವೈರಸ್ ಮಾತ್ರ ಬೆಳೆಯುತ್ತಲೇ ಇರುತ್ತದೆ. ಆ ಜಾಗ ಮಡಚಿಕೊಂಡು 1858ನೇ ಅಕ್ಷರದೊಂದಿಗೆ ಜೋಡಿಯಾಗುತ್ತದೆ. ಡಿ ತಳಿಯಲ್ಲಿ 1858 ಟಿ ಆಗಿರುವುದರಿಂದ ಬದಲಾದ ಅಕ್ಷರಕ್ಕೆ ಸರಿಯಾದ ಜೋಡಿ ಸಿಗುತ್ತದೆ, ಬದಲಾವಣೆ ಉಳಿಯುತ್ತದೆ. ಎ ತಳಿಯಲ್ಲಿ ಅಲ್ಲಿ ಸಿ ಇರುತ್ತದೆ. ಬದಲಾದರೆ ಜೋಡಿ ಮುರಿಯುತ್ತದೆ, ಆದ್ದರಿಂದ ಅಲ್ಲಿ ಅಪರೂಪ. ಒಂದು ಅಕ್ಷರದ ಈ ವ್ಯತ್ಯಾಸದಿಂದ ಡಿ ಹೆಚ್ಚಿರುವ ನಮ್ಮಂಥ ಊರಿನಲ್ಲಿ "ಇ ನೆಗೆಟಿವ್ ಬಂತು, ಇನ್ನು ಡಾಕ್ಟರ ಹತ್ತಿರ ಹೋಗಲ್ಲ" ಎನ್ನುವವರು ಮೋಸಹೋಗುತ್ತಾರೆ. ನೋಡಬೇಕಾದ್ದು ವೈರಲ್ ಲೋಡ್ ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ, ಲಿವರಿನ ಸ್ಕ್ಯಾನು. ಒಂದು ಸಲ ನೋಡಿ ಬಿಡುವುದಲ್ಲ, ಡಾಕ್ಟರು ಹೇಳಿದ ಹಾಗೆ ಆರೇಳು ತಿಂಗಳಿಗೊಮ್ಮೆ.

ಅಷ್ಟಾದರೂ, ಕೈಯಲ್ಲಿ ಹಣ ಎಣಿಸಿಕೊಂಡು ಬಂದವರಿಗೆ ಜೀನೋಟೈಪ್ ಮಾಡಿಸಲೇಬೇಡಿ ಎನ್ನುತ್ತೇನೆ, ನನ್ನ ಅಂಗಡಿಗೆ ನಷ್ಟವಾದರೂ. ಇಂಟರ್‌ಫೆರಾನ್ ಈಗ ಕೊಡುವುದೇ ಕಡಿಮೆ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ಎಲ್ಲ ತಳಿಗೂ ಕೆಲಸ ಮಾಡುತ್ತವೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಆ ತಾರೀಖು ಬ್ಲಂಬರ್ಗ್ ಅವರ ಹುಟ್ಟಿದ ದಿನ.

ಲಸಿಕೆಗೂ ಅಕ್ಷರದ ಹಂಗಿಲ್ಲ. ಯೀಸ್ಟಿನಲ್ಲಿ ಬೆಳೆಸುವ ಇಂದಿನ ಲಸಿಕೆಗಳಲ್ಲಿ ಹೆಚ್ಚಿನವು ಯುರೋಪಿನ ಎ2 ತಳಿಯ ಮೇಲ್ಮೈ ಪ್ರೋಟೀನಿನವು. ನಮ್ಮದು ಡಿ, ಎ1. ಆದರೂ ರಕ್ಷಣೆ ಸಿಗುತ್ತದೆ, ಯಾಕೆಂದರೆ ಆ ಪ್ರೋಟೀನಿನ ಮುಖ್ಯ ತುಣುಕೊಂದು ಎಲ್ಲ ತಳಿಗಳಲ್ಲೂ ಒಂದೇ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಲಸಿಕೆ ಹೊರತಂದ ಮೇಲೆ ಬೆಲೆ ಇಳಿಯಿತು. ಅದಕ್ಕೆ ಮೊದಲು ನಮ್ಮಂಥ ಟೆಕ್ನಿಷಿಯನ್‌ಗಳು ಮೂರು ಡೋಸಿನ ದುಡ್ಡನ್ನು ಕಂತಿನಲ್ಲಿ ಹೊಂದಿಸುತ್ತಿದ್ದೆವು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಪ್ರಪಂಚದಲ್ಲಿ 25.4 ಕೋಟಿ ಜನರಿಗೆ ಈ ಸೋಂಕು ಕಾಯಂ ಇದೆ, ಭಾರತದಲ್ಲಿ ಮೂರು ಕೋಟಿಯ ಹತ್ತಿರ. ಇದನ್ನು ಇಳಿಸುವ ಕೆಲಸ ಹೆಚ್ಚಾಗಿ ಹೆರಿಗೆ ವಾರ್ಡಿನಲ್ಲಿ ಆಗಬೇಕು, ಅದೂ ಕೂಸು ಹುಟ್ಟಿದ 24 ಗಂಟೆಯೊಳಗೆ. ಆ ಮೊದಲ ಡೋಸು ತಪ್ಪುವುದಕ್ಕೆ ಕಾರಣ ಎಷ್ಟೋ ಸಲ ತೀರ ಸಣ್ಣದು. ಸರ್ಕಾರಿ ಸರಬರಾಜಿನ ಸೀಸೆಯಲ್ಲಿ ಹತ್ತು ಡೋಸು. ಒಂದು ಕೂಸಿಗೆ ಅಂತ ತೆರೆದರೆ ಉಳಿದದ್ದು ಹಾಳು ಎಂಬ ಹಳೆಯ ಹೆದರಿಕೆ. ತೆರೆದ ಸೀಸೆಯನ್ನು ಸರಿಯಾದ ತಂಪಿನಲ್ಲಿಟ್ಟು ನಾಲ್ಕು ವಾರದವರೆಗೆ ಬಳಸಬಹುದು ಎಂಬ ನಿಯಮ ಈಗ ಇದೆ. ಭಾನುವಾರ ಹುಟ್ಟಿತು, ಲಸಿಕೆಯ ದಿನ ಬುಧವಾರ ಎನ್ನುವ ಮಾತನ್ನು ಒಪ್ಪಬೇಡಿ. ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್‌ನಲ್ಲಿ ಹೆಪಟೈಟಿಸ್ ಬಿ ಇದ್ದೇ ಇದೆಯಲ್ಲ ಎಂದರೆ, ತಾಯಿಯಿಂದ ದಾಟುವುದು ಹೆರಿಗೆಯ ಹೊತ್ತಿನಲ್ಲಿ, ಆರನೇ ವಾರದಲ್ಲಲ್ಲ ಎಂದು ಹೇಳಿ. ಬಸುರಿಗೆ ಪಾಸಿಟಿವ್ ಇದ್ದರೆ ಮುಂಚೆಯೇ ಡಾಕ್ಟರಿಗೆ ತಿಳಿಸಿರಬೇಕು: ವೈರಲ್ ಲೋಡ್ ಜಾಸ್ತಿ ಇದ್ದರೆ ಆಕೆಗೆ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್, ಕೂಸಿಗೆ 12 ಗಂಟೆಯೊಳಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು. ಈ ಎರಡನೆಯದು ಎಲ್ಲ ಆಸ್ಪತ್ರೆಯಲ್ಲೂ ಇಟ್ಟಿರುವುದಿಲ್ಲ, ಹೆರಿಗೆ ನೋವು ಶುರುವಾದ ಮೇಲೆ ಹುಡುಕಲು ಹೊರಡುವ ಪದಾರ್ಥವಲ್ಲ. ಡಿಸ್ಚಾರ್ಜ್ ಮಾಡುವಾಗ ತಾಯಿ ಕಾರ್ಡ್ ತೆರೆದು ಬಿಸಿಜಿ, ಪೋಲಿಯೋ ಜೊತೆ ಹೆಪಟೈಟಿಸ್ ಬಿ ಹುಟ್ಟಿನ ಡೋಸಿನ ಎದುರು ತಾರೀಖು ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಆಟೋ ಹತ್ತುವ ಮೊದಲು ನರ್ಸಮ್ಮನನ್ನು ಕೇಳಿ.